ಬಿಸಿಲಿಗೆ ಬೀಗ

ಅತ್ತೆ ಮತ್ತು ಅಳಿಯ ಒಬ್ಬರನ್ನೊಬ್ಬರು ಬಹುವಚನದಲ್ಲೇ ಬೈದುಕೊಳ್ಳುತ್ತಿದ್ದರು. ಮರ್ಯಾದೆಗೆ ಮರ್ಯಾದೆಯೂ ಉಳಿಯಿತು, ಬೈಗುಳಕ್ಕೆ ತೂಕವೂ ಬಂತು ಎಂಬುದು ಇಬ್ಬರ ನಂಬಿಕೆ.

"ಇವತ್ತೂ ಅನ್ನ ಅಕ್ಕಿಯಾಗೇ ಉಳೀತಲ್ಲ, ಅತ್ತೆ," ಎಂದ ಅಳಿಯ ಒಂದು ಅಗುಳನ್ನು ಎರಡು ಬೆರಳಲ್ಲಿ ಹಿಡಿದು ವಜ್ರ ಪರೀಕ್ಷಿಸುವವನಂತೆ ಬೆಳಕಿಗೆ ಒಡ್ಡಿದ. "ಗಿರಾಕಿ ಹಲ್ಲಿಗೆ ಸಿಕ್ಕಿ ಕಟುಂ ಅಂತು. ನಾನು ಮಾರೋದು ಒಲೆನೋ, ಹಲ್ಲಿನ ಡಾಕ್ಟರ ಏಜೆನ್ಸಿನೋ?"

"ನಿಮ್ಮ ಕೈ ಎರಡನ್ನೂ ಹಿಂದಕ್ಕೆ ಕಟ್ಟಿಹಾಕಿದ್ರೆ ಅನ್ನ ಬೇಯುತ್ತೆ, ಅಳಿಯಂದ್ರೇ. ಹಗ್ಗ ತರಲಾ?"

ಅಳಿಯನದು ಸೋಲಾರ್ ಒಲೆ ಮಾರುವ ಅಂಗಡಿ. ಕೆಳಗೆ ಅಂಗಡಿ, ನಡುವೆ ಮನೆ, ಮೇಲೆ ತಾರಸಿ. ತಾರಸಿಯ ಒಂದು ಬದಿಯಲ್ಲಿ ಅಂಗಡಿಯ ದೀಪ, ಫ್ಯಾನುಗಳಿಗೆ ಕರೆಂಟು ಕೊಡುವ ಪ್ಯಾನೆಲ್ಲುಗಳು ಆಕಾಶ ನೋಡುತ್ತ ಮಲಗಿದ್ದವು. ಇನ್ನೊಂದು ಬದಿ ಅತ್ತೆಯ ರಾಜ್ಯ. ಒಳಗೆ ಕಪ್ಪು ಬಣ್ಣ ಬಳಿದ ಪೆಟ್ಟಿಗೆ, ಅದಕ್ಕೆ ಗಾಜಿನ ಮುಚ್ಚಳ, ಅದರ ಹಿಂದೆ ಬಿಸಿಲನ್ನು ಹಿಡಿದು ಒಳಕ್ಕೆ ತಳ್ಳುವ ಕನ್ನಡಿ. ಬೆಳಿಗ್ಗೆ ಪಾತ್ರೆ ಇಟ್ಟು, ಸೂರ್ಯ ಸರಿದಂತೆ ಕನ್ನಡಿಯನ್ನೂ ಸರಿಸುತ್ತಿದ್ದರೆ ಮಧ್ಯಾಹ್ನಕ್ಕೆ ಊಟ ಸಿದ್ಧ. ಗಿರಾಕಿಗಳು ಮೇಲೆ ಬಂದು ನೋಡಿ, ರುಚಿ ನೋಡಿ, ಮನಸ್ಸಾದರೆ ಒಲೆ ಕೊಳ್ಳುತ್ತಿದ್ದರು.

ಶಾಲೆಯಲ್ಲಿ ಗೃಹವಿಜ್ಞಾನ ಕಲಿಸಿ ನಿವೃತ್ತರಾದ ಅತ್ತೆ ಮಗಳ ಮನೆಗೆ ಬಂದಾಗ ಕೆಳಗಿನ ಅಡುಗೆಮನೆ ಮಗಳದಾಗಿತ್ತು. ಉಪ್ಪಿನ ಡಬ್ಬಿ ಎಲ್ಲಿದೆ ಎಂದು ಕೇಳಿ ತಿಳಿಯಬೇಕಾದ ಅಡುಗೆಮನೆ ಅದು. ಹಾಗಾಗಿ ತಾರಸಿಯ ಈ ಪೆಟ್ಟಿಗೆಯೊಂದೇ ಅವರದು ಎನ್ನುವಂಥದ್ದು. ಅದು ಹೋದರೆ ಉಳಿಯುವುದು ಸೋಫಾ, ಟೀವಿ ಮತ್ತು ಅಳಿಯನ ಕೆಮ್ಮು.

ಅನ್ನ ಬೇಯದಿರುವುದಕ್ಕೆ ಕಾರಣ ಅತ್ತೆಗೆ ಗೊತ್ತಿತ್ತು, ಹೇಳಿಯೂ ಆಗಿತ್ತು. ಒಬ್ಬ ಗಿರಾಕಿ ಮೆಟ್ಟಿಲು ಹತ್ತಿದರೆ ಸಾಕು, ಅಳಿಯ ಓಡಿಬಂದು ಗಾಜಿನ ಮುಚ್ಚಳ ಎತ್ತುತ್ತಿದ್ದ: "ನೋಡಿ ಸಾರ್, ಹೊಗೆ ಇಲ್ಲ, ಗ್ಯಾಸಿಲ್ಲ! ಸೂರ್ಯನೇ ನಮ್ಮ ಅಡುಗೆಯವನು. ಸಂಬಳ ಕೇಳಲ್ಲ, ರಜಾ ಕೇಳಲ್ಲ!" ಅವನು ಮಾತು ಮುಗಿಸುವಷ್ಟರಲ್ಲಿ ಬೆಳಗಿನಿಂದ ಕೂಡಿಟ್ಟ ಕಾವೆಲ್ಲ ಹಾರಿಹೋಗುತ್ತಿತ್ತು. ಪೆಟ್ಟಿಗೆ ಮತ್ತೆ ಕಾಯತೊಡಗಿತು ಎನ್ನುವಾಗ ಇನ್ನೊಬ್ಬ ಗಿರಾಕಿ. ಒಲೆ ಕೆಲಸ ಮಾಡುತ್ತದೆಂದು ತೋರಿಸಿ ತೋರಿಸಿಯೇ ಅದು ಕೆಲಸ ಮಾಡದಂತೆ ನೋಡಿಕೊಂಡಿದ್ದ. ಬೀದಿಯವರು ಅವನಿಗೆ 'ಬಿಸಿಲುಗುದುರೆ' ಎಂದು ಹೆಸರಿಟ್ಟದ್ದು ಸುಮ್ಮನೆ ಅಲ್ಲ. ದೂರದಿಂದ ನೀರು, ಹತ್ತಿರ ಬಂದರೆ ಒಣಗಂಟಲು.

"ಒಂದು ನಿಮಿಷ ತೆಗೆದ್ರೆ ಏನು ಮಹಾ ಆಗುತ್ತೆ? ಮಾರೋನಿಗೆ ಗೊತ್ತಿಲ್ವಾ?" ಎಂದ ಅಳಿಯ ಈಗಲೂ. "ಕೈಗುಣ ಇಲ್ಲ ಅಂತ ಒಪ್ಕೊಳ್ಳಿ, ಅತ್ತೆ. ನಾಳೆ ಹಾಸ್ಟೆಲ್ ವಾರ್ಡನ್ ಬರ್ತಾರೆ. ದೊಡ್ಡ ಆರ್ಡರು. ನಾಳೆನೂ ಹಸಿ ಅನ್ನ ಆದ್ರೆ, ನಾಡಿದ್ದಿಂದ ಹೋಟೆಲ್ಲಿಂದ ಊಟ ತರಿಸಿ ಪೆಟ್ಟಿಗೆಯಲ್ಲಿಟ್ಟು ತೋರಿಸ್ತೀನಿ. ನೀವು ಕೆಳಗೆ ಕೂತು ಹಾಯಾಗಿ ಟೀವಿ ನೋಡಿ."

"ಹೋಟೆಲ್ ಊಟಕ್ಕೆ ಸೂರ್ಯನ ಮುದ್ರೆ ಒತ್ತಿ ಮಾರ್ತೀರಾ?"

"ಕಾವಿಗೆ ಬಿಸಿಲು, ರುಚಿಗೆ ಹೋಟೆಲು. ಏನೀಗ?"

ಬಿಲ್ಲು ಬರೆಯುತ್ತಿದ್ದ ಮಗಳು ತಲೆ ಎತ್ತಲಿಲ್ಲ. ತಲೆ ಎತ್ತಿದರೆ ಯಾವ ಕಡೆ ತಿರುಗಬೇಕು ಎಂಬ ಪ್ರಶ್ನೆ ಬರುತ್ತಿತ್ತು.

ಮರುದಿನ ಅತ್ತೆ ಅಕ್ಕಿ, ಬೇಳೆ, ಕುಂಬಳಕಾಯಿ ಹೋಳು ಎಲ್ಲ ಒಳಗಿಟ್ಟು, ಮುಚ್ಚಳದ ಕೊಂಡಿಗೆ ತಮ್ಮ ಟ್ರಂಕಿನ ಬೀಗ ಜಡಿದರು. ಬೀಗದಕೈ ಸೊಂಟ ಸೇರಿತು. ಪಕ್ಕದಲ್ಲಿ ಮುಕ್ಕಾಲಿ ಹಾಕಿಕೊಂಡು, ಪರೀಕ್ಷೆಯ ಕೋಣೆ ಕಾಯುವ ಮೇಡಮ್ಮಿನಂತೆ ಕೂತರು.

ವಾರ್ಡನ್ ಊಟದ ಹೊತ್ತಿಗೆ ಬರಬೇಕಾದವರು ಮುಂಚೆಯೇ ಬಂದರು. ಕಡ್ಡಿಯಂಥ ಮನುಷ್ಯ, ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತ ಕರವಸ್ತ್ರದಿಂದ ಕತ್ತು ಒರೆಸಿಕೊಂಡರು.

"ಬನ್ನಿ ಸಾರ್, ಸೂರ್ಯನೇ ನಮ್ಮ ಅಡುಗೆ..." ಅಳಿಯನ ಕೈ ಮುಚ್ಚಳಕ್ಕೆ ಹೋಯಿತು. ಬೀಗ ಕಂಡಿತು. ಮಾತು ಅರ್ಧದಲ್ಲೇ ಹಸಿಯಾಗಿ ಉಳಿಯಿತು. "ಅತ್ತೆ, ಇದೇನು?"

"ಬೀಗ."

"ಅದು ಕಾಣುತ್ತೆ. ಬೀಗದಕೈ ಕೊಡಿ."

"ಬೆಂದ ಮೇಲೆ."

"ಸಾರ್ ಕಾಯ್ತಿದಾರೆ."

"ಅಕ್ಕಿನೂ ಕಾಯ್ತಿದೆ. ಸಾರ್‌ಗೆ ಕುರ್ಚಿ ಹಾಕಿ."

ಅಳಿಯ ನಗುತ್ತಲೇ ಹಲ್ಲು ಕಚ್ಚಿದ. ಅವನಿಗೆ ಅಂಥ ಎರಡು ಕೆಲಸ ಒಟ್ಟಿಗೆ ಮಾಡುವ ಅಭ್ಯಾಸವಿತ್ತು. "ವಯಸ್ಸಾಗಿದೆ ಸಾರ್. ಹಿರಿಯರು ಅಂತ ಮನೇಲಿ ಇಟ್ಕೊಂಡಿದೀವಿ."

'ಇಟ್ಕೊಂಡಿದೀವಿ' ಅತ್ತೆಗೆ ನಾಟಿತು. ಎದ್ದು ನಿಂತರು. ಹೊಟ್ಟೆ ಮುಂದೆ ಮಾಡಿ, ಎಡಗೈ ಸೊಂಟದ ಮೇಲಿಟ್ಟು, ಬಲಗೈ ಆಕಾಶಕ್ಕೆ ಬೀಸಿ, ಅಳಿಯನದೇ ಎಳೆದ ದನಿಯಲ್ಲಿ ಶುರುಮಾಡಿದರು: "ನೋಡೀ ಸಾ...ರ್! ಹೊಗೇ ಇಲ್ಲ! ಗ್ಯಾಸೇ ಇಲ್ಲ! ಸಂಬಳಾನೇ ಕೇಳಲ್ಲ!" ಕೊನೆಗೆ ಅವನ ಒಣಕೆಮ್ಮನ್ನೂ ಸೇರಿಸಿ, ತಮ್ಮ ದನಿಗೆ ಮರಳಿದರು. "ಸಂಬಳ ಕೇಳದೆ ಅಡುಗೆ ಮಾಡೋಳು ಇಲ್ಲಿ ಕೂತಿದೀನಿ, ಸೂರ್ಯನಿಗೆ ಯಾಕೆ ಹೆಸರು?"

ಮೆಟ್ಟಿಲ ಬಳಿ ನಿಂತಿದ್ದ ಮಗಳು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಅಳಿಯನ ಕಿವಿ ಕೆಂಪಾಯಿತು.

"ನೀನೂ ನಗು!" ಎಂದ ಹೆಂಡತಿಗೆ. ಏಕವಚನ ಸಿಕ್ಕಿದ್ದು ಅವಳೊಬ್ಬಳಿಗೇ.

ವಾರ್ಡನ್ ಕುರ್ಚಿಯಲ್ಲಿ ಕೂತು ಇಬ್ಬರನ್ನೂ ನೋಡುತ್ತಿದ್ದರು. ಅವರಿಗೆ ಬೇಸರವಾದಂತೆ ಕಾಣಲಿಲ್ಲ. ಅಳಿಯ ಕೊಂಡಿಯನ್ನು ಎಳೆದು ನೋಡಿದ, ಸ್ಕ್ರೂಡ್ರೈವರ್ ತರಿಸುತ್ತೇನೆಂದ, ತರಿಸಲಿಲ್ಲ. ಗಾಜು ಒಡೆದರೆ ನಷ್ಟ ತನ್ನದೇ ಎಂದು ಹೊಳೆಯಿತೇನೋ. ಅತ್ತೆ ಕನ್ನಡಿಯನ್ನು ಕೂದಲೆಳೆಯಷ್ಟು ಸರಿಸಿ ಮತ್ತೆ ಕೂತರು. ಗಾಜಿನ ಒಳಮೈಯಲ್ಲಿ ಹನಿ ಕಟ್ಟಿತು, ಹನಿಗಳು ಕೂಡಿ ಇಳಿದವು, ಸಂದಿನಿಂದ ಬೆಂದ ಬೇಳೆಯ ವಾಸನೆ ಬಂತು. ಆಗ ಬೀಗ ತೆಗೆದರು.

ಹಬೆ ಮೇಲೆದ್ದಿತು. ಅನ್ನದ ಅಗುಳು ಒಂದಕ್ಕೊಂದು ಅಂಟದೆ, ಬೆರಳಿಗೆ ಸಿಕ್ಕರೆ ಕರಗುವಂತೆ ಬೆಂದಿತ್ತು. ವಾರ್ಡನ್ ಬಡಿಸಿಕೊಂಡರು, ಮತ್ತೆ ಬಡಿಸಿಕೊಂಡರು. ಅಳಿಯನ ಮುಖದಲ್ಲಿ ಆರ್ಡರಿನ ಹೊಳಪು ಮೂಡಿತು.

"ಬಹಳ ಚೆನ್ನಾಗಿದೆಯಮ್ಮಾ," ಎಂದರು ವಾರ್ಡನ್. "ಮತ್ತೆ ಬೀಗ ಯಾಕೆ?"

ಅಲ್ಲಿಗೆ ಅತ್ತೆ ಸುಮ್ಮನಿದ್ದರೆ ಎಲ್ಲವೂ ಸಿಕ್ಕಿಬಿಡುತ್ತಿತ್ತು. ಮಗಳು ಹಿಂದಿನಿಂದ ಬೇಡ ಬೇಡ ಎಂದು ತಲೆ ಆಡಿಸಿದಳು. ಆದರೆ ಇಷ್ಟು ದಿನ ಹಸಿ ಅನ್ನದ ಹೊಣೆ ಹೊತ್ತ ನಾಲಿಗೆ ಅದು.

"ಈ ಮಹಾನುಭಾವರು ಗಳಿಗೆಗೊಂದು ಸಲ ಮುಚ್ಚಳ ತೆಗೀತಾರೆ ಸಾರ್. ತೆಗೆದ್ರೆ ಕಾವು ಹೋಗುತ್ತೆ, ಅನ್ನ ಬೇಯಲ್ಲ. ಹೇಳಿದ್ರೆ ನನಗೆ ಕೈಗುಣ ಇಲ್ಲ ಅಂತಾರೆ. ಇವತ್ತು ಯಾರ ಕೈ ಕೆಟ್ಟದ್ದು ಅಂತ ನೀವೇ ನೋಡಿದ್ರಲ್ಲ!"

ವಾರ್ಡನ್ ತಟ್ಟೆಯಲ್ಲೇ ಕೈ ನಿಲ್ಲಿಸಿದರು. "ತೆಗೆದ್ರೆ ಬೇಯಲ್ವಾ?"

"ಇಲ್ಲವೇ ಇಲ್ಲ!" ಎಂದರು ಅತ್ತೆ ವಿಜಯದಿಂದ.

"ಹಾಗಾದ್ರೆ ನಮಗಾಗಲ್ಲಮ್ಮ. ನಮ್ಮ ಹಾಸ್ಟೆಲ್ ತುಂಬ ಹಸಿದ ಹುಡುಗರು. ಅಡುಗೆ ಆಯ್ತಾ ಆಯ್ತಾ ಅಂತ ಮುಚ್ಚಳ ತೆಗೆಯೋದೇ ಅವರ ಓದು." ವಾರ್ಡನ್ ಕೈ ತೊಳೆದು, ಕುಂಬಳಕಾಯಿಯನ್ನು ಮತ್ತೊಮ್ಮೆ ಹೊಗಳಿ ಇಳಿದುಹೋದರು.



"ಸಂತೋಷವಾಯ್ತಾ, ಅತ್ತೆ?"

"ಅನ್ನ ಬೆಂತು."

"ಆರ್ಡರ್ ಹೋಯ್ತು!"

"ಹಸಿ ಅನ್ನ ಆದ್ರೆ ಹೋಟೆಲ್ ಊಟ ಅಂದಿದ್ರಿ. ಹಸಿಯಾಗಿಲ್ಲ. ನಾಳೆಗೆ ಅಕ್ಕಿ ತರಿಸಿ."

"ರೀ," ಎಂದಳು ಮಗಳು ಮೊದಲ ಸಲ ತಲೆ ಎತ್ತಿ, "ನೀವು ಹಾಗಂದಿದ್ದನ್ನ ನಾನೂ ಕೇಳಿಸಿಕೊಂಡೆ. ಹೋಟೆಲ್ ಬಿಲ್ಲು ನಾನು ಬರೆಯಲ್ಲ."

ಅಳಿಯ ಊಟ ಮಾಡದೆ ಇಳಿದುಹೋದ. ಕೆಳಗಿನಿಂದ ಬಂದ ಕೆಮ್ಮು ನಿಜವಾದದ್ದೋ, ಬೈಗುಳವೋ ತಿಳಿಯಲಿಲ್ಲ.

ಮಾರನೆಯ ಬೆಳಿಗ್ಗೆ ತಾರಸಿಯ ಗೋಡೆಗೆ ಹೊಸ ಹಲಗೆ ಬಿದ್ದಿತ್ತು. 'ಅಡುಗೆ ಮುಗಿಯುವವರೆಗೆ ಮುಚ್ಚಳ ತೆಗೆಯಬಾರದು. ಆಜ್ಞೆಯ ಮೇರೆಗೆ, ಆಡಳಿತ ಮಂಡಳಿ.' ಆ ಮಂಡಳಿಯಲ್ಲಿ ಇದ್ದದ್ದು ಅಳಿಯನ ಮಂಡೆ ಒಂದೇ. ಅತ್ತೆ ಎರಡು ಸಲ ಓದಿದರು. ಪೆಟ್ಟಿಗೆಗೆ ಬಳಿಯುವ ಕಪ್ಪು ಬಣ್ಣದ ಡಬ್ಬಿ ತೆರೆದು, ಕೆಳಗೆ ದುಂಡಗಿನ ಅಕ್ಷರದಲ್ಲಿ ಸೇರಿಸಿದರು: 'ಇದು ಅಳಿಯಂದಿರಿಗೂ ಅನ್ವಯಿಸುತ್ತದೆ.'

ಬಿಸಿಲೇರಿದಾಗ ಅಳಿಯ ಹೊಸ ಗಿರಾಕಿಯನ್ನು ಕರೆತಂದ. ಹಲಗೆ ನೋಡಿದವನೇ ಅದಕ್ಕೆ ಬೆನ್ನು ಕೊಟ್ಟು, ಕೊನೆಯ ಸಾಲು ಮುಚ್ಚುವಂತೆ ನಿಂತ.

"ನಮ್ಮ ಶಿಸ್ತು ನೋಡಿ ಸಾರ್! ಮುಚ್ಚಳ ಮುಟ್ಟೋ ಹಾಗೇ ಇಲ್ಲ. ಈ ನಿಯಮ ನಾನೇ ಮಾಡಿದ್ದು."

ಅತ್ತೆ ಕನ್ನಡಿಯನ್ನು ಮೆಲ್ಲಗೆ ತಿರುಗಿಸಿದರು. ಪೆಟ್ಟಿಗೆಗೆ ಬೀಳಬೇಕಾದ ಬಿಸಿಲೆಲ್ಲ ಹೋಗಿ ಅಳಿಯನ ಎರಡೂ ಕಣ್ಣಿಗೆ ಬಿತ್ತು. ಅವನು ಕೈ ಅಡ್ಡ ಹಿಡಿದ, ಕಣ್ಣು ಮುಚ್ಚಿದ, ಕೊನೆಗೆ ತಡೆಯಲಾರದೆ ಪಕ್ಕಕ್ಕೆ ಸರಿದ.

ಗಿರಾಕಿ ಕೊನೆಯ ಸಾಲನ್ನು ಗಟ್ಟಿಯಾಗಿ ಓದತೊಡಗಿದ.