ತುಂಬದ ಗುಂಡಿ

ಮೇಸ್ತ್ರಿ ತೋಡಿದ ಕಕ್ಕಸು ಗುಂಡಿ ತುಂಬುವುದೇ ಇಲ್ಲ ಎಂಬುದು ಆ ಬೀದಿಯಲ್ಲಿ ಹೆಮ್ಮೆಯ ಮಾತಾಗಿತ್ತು. ಅವನ ಹಳೆಯ ಊರಿನದು ಜೇಡಿಮಣ್ಣು. ಅಲ್ಲಿ ಗುಂಡಿಗೆ ಬಿದ್ದ ನೀರು ಬಿದ್ದಲ್ಲೇ ನಿಲ್ಲುತ್ತಿತ್ತು, ಉಕ್ಕಿ ಅಂಗಳಕ್ಕೆ ಬರುತ್ತಿತ್ತು, ಮೂಗು ಮುಚ್ಚಿಕೊಂಡು ಬಳಿಸಬೇಕಾಗುತ್ತಿತ್ತು. ಈ ಹೊಸ ಬಡಾವಣೆಯದು ಮರಳು ನೆಲ. ಇಲ್ಲಿ ಅವನು ತನ್ನ ಮನೆಗೆ ತೋಡಿದ ಗುಂಡಿ ಸುರಿದಷ್ಟನ್ನೂ ಕುಡಿಯಿತು. ಕಂಡವರೆಲ್ಲ ತಮಗೂ ಅಂಥದ್ದೇ ಬೇಕೆಂದರು. ಬೀದಿಯ ಗುಂಡಿಗಳೆಲ್ಲ ಅವನ ಕೈಯವೇ ಆದವು. ಬಾವಿಗೂ ಗುಂಡಿಗೂ ನಡುವೆ ಒಂದು ಕೋಣೆಯಷ್ಟು ಜಾಗ ಬಿಟ್ಟರೆ ಸಾಕೆಂಬುದು ಅವನ ಅಳತೆ. ಅಪ್ಪನಿಂದ ಬಂದದ್ದು, ಜೇಡಿಮಣ್ಣಿನಲ್ಲಿ ಒಮ್ಮೆಯೂ ಕೈಕೊಡದ ಅಳತೆ.

ಅವನ ಸೊಸೆ ನೂಲಿಗೆ ಬಣ್ಣ ಹಾಕುವ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಳು. ಎಷ್ಟು ತಿಕ್ಕಿದರೂ ಅವಳ ಬೆರಳ ಸಂದಿಯ ಕೆಂಪು ಹೋಗುತ್ತಿರಲಿಲ್ಲ. ಕಾರ್ಖಾನೆಯ ಹಿತ್ತಿಲು ಅಂಟು ಜೇಡಿ. ಚೆಲ್ಲಿದ ಬಣ್ಣದ ನೀರು ಅಲ್ಲಿ ಕೆಂಪು ಮಡುವಾಗಿ ನಿಂತು, ಬಿಸಿಲಿಗೆ ಒಣಗಬೇಕೇ ಹೊರತು ನೆಲ ಹನಿಯನ್ನೂ ಒಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ. ಮನೆಯಲ್ಲಿ ಬಟ್ಟೆ ಒಗೆದ ನೀರನ್ನು ಅಂಗಳಕ್ಕೆ ಎರಚಿದರೆ ಬಕೆಟ್ ಕೆಳಗಿಡುವಷ್ಟರಲ್ಲಿ ಮಾಯ. ಒಂದು ಸಂಜೆ ಖಾಲಿ ಬಕೆಟ್ ಹಿಡಿದು ನಿಂತವಳಿಗೆ, ಹೋಗುವುದೇನೋ ಹೋಯಿತು, ಹೋದದ್ದೆಲ್ಲಿಗೆ ಎನ್ನಿಸಿತು. ಕಣ್ಣು ತಾನಾಗಿ ಬಾವಿಯ ಕಡೆ ಹೊರಳಿತು.

ಒಳಗೆ ಅವಳ ಕೂಸು ನರಳುತ್ತಿತ್ತು. ಜೋರಾಗಿ ಅಳುವ ತ್ರಾಣವೂ ಅದಕ್ಕೆ ಉಳಿದಿರಲಿಲ್ಲ. ಅವಳು ಕೆಲಸಕ್ಕೆ ಮರಳಿ, ಅದು ಬಾಟಲಿ ಹಾಲಿಗೆ ಬಿದ್ದಾಗಿನಿಂದ ಹೊಟ್ಟೆ ಕೆಡುವುದು, ಸರಿಹೋಗುವುದು, ಮತ್ತೆ ಕೆಡುವುದು. ಹಲ್ಲು ಬರುವಾಗ ಹೀಗೇ ಎಂದರು. ಹಾಲಿನ ಪುಡಿ ಬದಲಿಸಿದರು, ಬಾಟಲಿ ಬದಲಿಸಿದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಡಾಕ್ಟರು ನೀರು ಕುದಿಸಿ ಎಂದಿದ್ದರು. ಅವಳು ಬೆಳಿಗ್ಗೆ ಕುದಿಸಿಟ್ಟು ಹೋದದ್ದು ಮುಗಿದರೆ ಅತ್ತೆ ಕೊಡದಿಂದಲೇ ಬಗ್ಗಿಸುತ್ತಿದ್ದಳು. ಮರಳಲ್ಲಿ ಸೋಸಿ ಬಂದ ನೀರಿಗೆ ಮತ್ತೆ ಬೆಂಕಿ ಯಾಕೆಂಬುದು ಅತ್ತೆಯ ವಾದ.

ಸೊಸೆ ಗುಂಡಿಯ ಮಾತೆತ್ತಿದಾಗ ಮಾವ ನಕ್ಕ.

“ಕುಣಿಯೋಕೆ ಬಾರದವಳು ನೆಲ ಡೊಂಕು ಅಂದ್ಲಂತೆ. ಮಗು ಸಾಕೋಕಾಗದೆ ನನ್ನ ಗುಂಡಿ ಮೇಲೆ ತಪ್ಪು ಹಾಕ್ತೀಯಲ್ಲಮ್ಮ.”

ಅವಳು ಮರುದಿನ ಕಾರ್ಖಾನೆಯಿಂದ ಕೆಂಪು ಬಣ್ಣದ ಪುಡಿ ತಂದು, ಮನೆಯಲ್ಲಿ ಯಾರೂ ಇಲ್ಲದಾಗ ಕಕ್ಕಸಿಗೆ ಸುರಿದು, ಮೇಲೆ ಬಕೆಟ್‌ಗಟ್ಟಲೆ ನೀರು ಹುಯ್ದಳು. ಗುಂಡಿ ಸದ್ದಿಲ್ಲದೆ ಕುಡಿಯಿತು.

ಆಮೇಲೆ ದಿನವೂ ಮೊದಲ ಕೊಡ ಸೇದಿ, ಬಿಳಿ ಪಿಂಗಾಣಿ ಬಟ್ಟಲಿಗೆ ಬಗ್ಗಿಸಿ ಬೆಳಕಿಗೆ ಹಿಡಿಯುವಳು. ತಿಳಿ ನೀರು. ತಪ್ಪು ತನ್ನದೇ ಆಗಿರಲಿ ಎಂದು ಅವಳಿಗೆ ಆಸೆಯಾಗತೊಡಗಿತು. ಗೊತ್ತಾಗುವವರೆಗೆ ಇರಲಿ ಎಂದು ಕೂಸಿಗೆ ಕಾರ್ಖಾನೆಯ ನಲ್ಲಿ ನೀರನ್ನು ಕ್ಯಾನಿನಲ್ಲಿ ಹೊತ್ತು ತಂದಳು. ಬಣ್ಣದ ಮನೆಯ ನೀರು ಎಳೆಗೂಸಿಗಾ ಎಂದು ಅತ್ತೆ ಅದನ್ನು ಗಿಡಕ್ಕೆ ಹುಯ್ದಳು.

ಒಂದು ಬೆಳಿಗ್ಗೆ ಬಟ್ಟಲಿನ ನೀರು ತೆಳು ಗುಲಾಬಿಯಾಗಿತ್ತು.

ಬಾವಿಯ ಹತ್ತಿರ ಕರೆದು ತೋರಿಸಿದಾಗ ಮಾವ ಬಟ್ಟಲನ್ನು ನೋಡಲಿಲ್ಲ, ಅವಳ ಬೆರಳುಗಳನ್ನು ನೋಡಿದ. “ಆ ಕೈಯಲ್ಲಿ ಮುಟ್ಟಿದ್ರೆ ಹಾಲೂ ಕೆಂಪಾಗುತ್ತೆ.”

“ಹಾಗಾದ್ರೆ ನೀವೇ ಸೇದಿ, ಮಾವ. ನಾನು ಮುಟ್ಟಲ್ಲ.”

ಮಾವ ಸೋಪು ಹಾಕಿ ಕೈ ತೊಳೆದ. ಬಟ್ಟಲು ತೊಳೆದ. ಕೊಡ ಇಳಿಸಿ, ಸೇದಿ, ಬಗ್ಗಿಸಿದ. ಮೊದಲಿಗಿಂತ ತುಸು ಹೆಚ್ಚೇ ಗುಲಾಬಿ. ಅವನು ಬಟ್ಟಲನ್ನು ಬಾವಿಕಟ್ಟೆಯ ಮೇಲಿಟ್ಟು ಗುಂಡಿಯವರೆಗೆ ನಡೆದು ಹೋದ, ತಿರುಗಿ ಬಂದ. ಅಪ್ಪ ಕಲಿಸಿದ ಅಳತೆ ಸರಿಯಾಗಿಯೇ ಇತ್ತು. ಬಟ್ಟಲನ್ನು ನೆಲಕ್ಕೆ ಬೋರಲು ಹಾಕಿದ. ಒದ್ದೆ ಕಲೆಯೂ ಕಾಣದಂತೆ ಕಾಲಿನಿಂದ ಮರಳು ಎಳೆದ.

“ಇದು ಈ ಅಂಗಳ ದಾಟಬಾರದು,” ಎಂದ. ದನಿ ಸಣ್ಣದಾಗಿತ್ತು. “ಬೀದಿ ಪೂರ್ತಿ ನನ್ನ ಗುಂಡಿಗಳೇ ಇವೆ ಕಣಮ್ಮ.”

ಅತ್ತೆ ಕೂಸನ್ನು ಹೆಗಲಿಗೆ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಳು. ಕೈಯಲ್ಲಿದ್ದ ಬಾಟಲಿ ಅರ್ಧ ಖಾಲಿಯಾಗಿತ್ತು. ಸೊಸೆ ಹೋಗಿ ಅದನ್ನು ಕಿತ್ತುಕೊಂಡು ಅಂಗಳಕ್ಕೆ ಚೆಲ್ಲಿದಳು. ಅತ್ತೆ ಬೈಯಲಿಲ್ಲ.

ಗೋಡೆಯಾಚೆ ರಾಟೆಯ ಸದ್ದು ನಿಂತಿತು. ಪಕ್ಕದ ಮನೆಯಾಕೆ ಗೋಡೆಯ ಮೇಲೆ ಮುಖ ತೋರಿಸಿದಳು.

“ಏನ್ ಮೇಸ್ತ್ರಿಗಳೇ, ನಿಮ್ಮ ಸೊಸೆ ನಮ್ಮ ಬಾವೀಲಿ ಕೈ ತೊಳೆದ್ಲಾ? ನೀರೆಲ್ಲ ಗುಲಾಬಿ,” ಎಂದು ನಗುತ್ತಿದ್ದಳು.

ಮಾವ ಸೊಸೆಯ ಕಡೆ ತಿರುಗಿ ಬೇಡ ಎಂಬಂತೆ ತಲೆಯಾಡಿಸಿದ.

“ಅದನ್ನ ಕುಡೀಬೇಡಿ ಅಕ್ಕ,” ಎಂದಳು ಸೊಸೆ. “ಅದು ಗುಂಡಿ ನೀರು.”

ಆಕೆಯ ನಗು ಮುಖದಲ್ಲೇ ಉಳಿಯಿತು, ಇಳಿಸುವುದು ಮರೆತವಳ ಹಾಗೆ. “ಬೆಳಿಗ್ಗೆಯೇ ಎಲ್ಲರೂ ಕುಡಿದಾಯ್ತಲ್ಲ,” ಎಂದಳು.

ಅದರಾಚೆಯ ಮನೆಯಲ್ಲಿ ಯಾರೋ ಕೊಡ ಇಳಿಸತೊಡಗಿದರು, ರಾಟೆ ಕಿರುಗುಟ್ಟಿತು. ಅದರ ಹಿಂದೆಯೇ ಮುಂದಿನ ಮನೆಯದೂ.