ಡ್ರಿಲ್ಲು ತೋಡಿದ ಗುಂಡಿ

ಡೆಲ್ಮರ್ ಟ್ರಕ್ಕಿನ ಹಿಂಬದಿಯಿಂದ ಹೊಸ ಡ್ರಿಲ್ಲನ್ನು ತೆಗೆಯುವ ಹೊತ್ತಿಗೆ ಆರ್ವಿಡ್ ಬೇಲಿಯ ಬುಡದಲ್ಲಿ ಮಂಡಿಯೂರಿ ಕೂತಾಗಿತ್ತು. ಇಪ್ಪತ್ತಾರು ಚಳಿಗಾಲಗಳಿಂದ ಅವರಿಬ್ಬರ ಕೆಲಸ ಹೀಗೆಯೇ ಹಂಚಿಕೆಯಾಗಿತ್ತು. ಗುಂಡಿ ತೋಡುವುದು ಆರ್ವಿಡ್‌ನ ಪಾಲು. ಗುಂಡಿಯ ಬಾಯೆದುರು ಟ್ರ್ಯಾಪನ್ನು ಹೂತು, ಜರಡಿ ಹಿಡಿದ ಮಣ್ಣು ಮುಚ್ಚುವುದು ಡೆಲ್ಮರ್‌ನ ಪಾಲು.

ಗುಂಡಿಯೆಂದರೆ ದೊಡ್ಡದೇನಲ್ಲ. ಅಂಗೈ ಅಗಲ, ಮೊಳದುದ್ದ, ನೆಲಕ್ಕೆ ಓರೆಯಾಗಿ. ಇಲಿಯನ್ನು ಬೆನ್ನಟ್ಟಿದ ಯಾವುದೋ ಪ್ರಾಣಿ ಕೆರೆದು ಬಿಟ್ಟುಹೋದಂತೆ ಕಾಣಬೇಕು. ತಳದಲ್ಲಿ ಹಳಸಿದ ಮಾಂಸದ ಚೂರು. ತುಪ್ಪಳಕ್ಕಾಗಿ ಅವರು ಹಿಡಿಯುವ ಬಯಲುತೋಳ, ಕಾಯೋಟಿ, ವಾಸನೆ ಹಿಡಿದು ಬಂದು ಮೂಗು ತೂರಿಸಲು ಎಲ್ಲಿ ಮುಂಗಾಲಿಡುತ್ತದೋ ಅಲ್ಲಿ ಉಕ್ಕಿನ ದವಡೆ ಕಾದಿರುತ್ತದೆ.

"ಸ್ವಲ್ಪ ಆಚೆ ಸರಿ ಭಾವ," ಎಂದ ಡೆಲ್ಮರ್. "ಇದನ್ನ ನೋಡು."

ಡ್ರಿಲ್ಲಿನ ಮೂರಂಗುಲ ದಪ್ಪದ ತಿರುಪುಮೊನೆ ನೆಲಕ್ಕೆ ತಾಗಿತು. ಮಣ್ಣು ಸುರುಳಿಯಾಗಿ ಮೇಲೆ ಬಂದು ಬೀಸಣಿಗೆಯಂತೆ ಹರಡಿತು. ಆರ್ವಿಡ್ ಕೈಯ ಕರಣೆಯನ್ನು ಇನ್ನೂ ನೆಲಕ್ಕೆ ಊರಿರಲಿಲ್ಲ, ಅಷ್ಟರಲ್ಲಿ ಗುಂಡಿ ಆಗಿಹೋಗಿತ್ತು.

"ಸದ್ದು ಪಕ್ಕದ ಕೌಂಟಿಗೂ ಕೇಳಿಸಿರಬೇಕು," ಎಂದ ಆರ್ವಿಡ್.

"ಕೇಳಿಸ್ಲಿ. ಕಾಯೋಟಿ ಬರೋ ಹೊತ್ತಿಗೆ ಇದು ನಮ್ಮನೇಲಿ ನಿದ್ದೆ ಹೊಡೀತಿರುತ್ತೆ."

"ಎಣ್ಣೆ ವಾಸನೆ?"

"ನಿನ್ನ ಹಳೇ ಕೋಟಿನ ವಾಸನೆಗಿಂತ ಕಮ್ಮಿ."

"ಚಳಿಗೆ ಬ್ಯಾಟರಿ ಸತ್ತುಹೋಗುತ್ತೆ."

"ಅಂಗಿಯೊಳಗೆ ಎದೆಗವಚಿ ಇಟ್ಕೋತೀನಿ ಬಿಡು." ಡೆಲ್ಮರ್ ನಕ್ಕು, ಡ್ರಿಲ್ಲಿನ ಬಾಯಿಗಂಟಿದ ಮಣ್ಣನ್ನು ಹೆಬ್ಬೆರಳಲ್ಲಿ ಒರೆಸಿದ. ಆಮೇಲೆ ಮುಖ ನೋಡದೆ ಹೇಳಿದ: "ನಿನ್ನ ಮಂಡಿ ಬೇರೆ ಹಾಳಾಗಿದೆ. ಇದಿದ್ರೆ ನೀನು ಈ ಚಳೀಲಿ ಬರೋದೇ ಬೇಡ. ಮನೇಲಿ ಬೆಚ್ಚಗಿರಬಹುದು."

ಅವನು ಒಳ್ಳೆಯದಕ್ಕೇ ಹೇಳಿದ್ದ.

ಮನೆ ಬೆಚ್ಚಗೇನೋ ಇತ್ತು. ಹೆಂಡತಿ ಲವೋನ್ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಡೆಲ್ಮರ್ ಅವಳ ತಮ್ಮ. ಅಕ್ಕ ಹೋದಮೇಲೆ ಭಾವನ ಮನೆಗೆ ಬರಲು ಅವನಿಗೆ ಕಾರಣಗಳು ಒಂದೊಂದಾಗಿ ಕಡಿಮೆಯಾಗಿದ್ದವು. ಬೇಸಿಗೆಯಲ್ಲಿ ವಾರಗಟ್ಟಲೆ ಆರ್ವಿಡ್ ಯಾರೊಡನೆಯೂ ಮಾತಾಡುತ್ತಿರಲಿಲ್ಲ. ಒಮ್ಮೆ ಅಂಗಡಿಯಲ್ಲಿ ಬಾಯಿ ತೆರೆದಾಗ ದನಿಯೇ ಹೊರಡದೆ, ಕೌಂಟರಿನ ಹುಡುಗಿ ನೀರಿನ ಬಾಟಲಿ ಕೊಟ್ಟಿದ್ದಳು. ನವೆಂಬರಿನಲ್ಲಿ ಹುಲ್ಲು ಒಣಗಿ, ಕಾಯೋಟಿಯ ತುಪ್ಪಳ ತುಂಬಿಕೊಂಡ ಮೇಲೆ ಡೆಲ್ಮರ್‌ನ ಟ್ರಕ್ಕು ಬೆಳಿಗ್ಗೆ ಅಂಗಳಕ್ಕೆ ಬಂದು ಹಾರ್ನು ಹೊಡೆಯುತ್ತಿತ್ತು. ಟ್ರಕ್ಕಿನಲ್ಲಿಯೂ ಅವರು ಹೆಚ್ಚು ಮಾತಾಡುತ್ತಿರಲಿಲ್ಲ. ಆದರೆ ಇಬ್ಬರು ಸುಮ್ಮನಿರುವುದು ಬೇರೆ, ಒಬ್ಬನೇ ಸುಮ್ಮನಿರುವುದು ಬೇರೆ. ಆ ಸೀಟಿನ ಮೇಲೆ ತನಗಿರುವ ಹಕ್ಕೆಲ್ಲ ಕರಣೆಯ ಮೊನೆಯಲ್ಲಿದೆ ಎಂದು ಆರ್ವಿಡ್ ನಂಬಿದ್ದ.

"ಕಾಯೋಟೀನೇ ಹೇಳ್ಲಿ," ಎಂದ ಕೊನೆಗೆ. "ಈ ಬೇಲಿಗುಂಟ ಹನ್ನೆರಡು ಗುಂಡಿ. ಒಂದು ನಿಂದು, ಒಂದು ನಂದು, ಒಂದು ಬಿಟ್ಟು ಒಂದು. ಒಂದು ವಾರ. ಯಾವುದಕ್ಕೆ ಜಾಸ್ತಿ ಬೀಳುತ್ತೋ ಅದು ಉಳೀಲಿ, ಇನ್ನೊಂದು ಶೆಡ್ಡಿಗೆ ಹೋಗ್ಲಿ."

"ಸೋತಮೇಲೆ ಮುಖ ಊದಿಸ್ಕೊಂಡು ಕೂರಬಾರದು ಮತ್ತೆ."

"ನೀನು ಊದಿಸ್ಕೋಬೇಡ."

ಕೈಯಲ್ಲಿ ತೋಡಿದ ಆರು ಗುಂಡಿಗಳ ಗುರುತಿಗೆ ಬೇಲಿಯ ತಂತಿಗೆ ಕೆಂಪು ಬಟ್ಟೆಚೂರು ಕಟ್ಟಿದರು. ಆರನೆಯದನ್ನು ತೋಡಿ ಏಳುವಾಗ ಆರ್ವಿಡ್ ಬೇಲಿಗಂಬ ಹಿಡಿದು ಬಹಳ ಹೊತ್ತು ನಿಂತಿದ್ದ. ಡೆಲ್ಮರ್ ಆ ಕಡೆ ತಿರುಗಿ ಜರಡಿಯನ್ನು ಬೇಕಾದ್ದಕ್ಕಿಂತ ಹೆಚ್ಚು ಕುಟ್ಟಿದ.

ಎರಡನೆಯ ದಿನ ಡ್ರಿಲ್ಲಿನ ಗುಂಡಿಗೆ ಒಂದು ಬಿತ್ತು. ಮೂರನೆಯ ದಿನ ಕರಣೆಯದಕ್ಕೆ ಒಂದು. ಐದನೆಯ ದಿನ ಎರಡಕ್ಕೂ ಒಂದೊಂದು. ನಡುವೆ ಒಂದು ತೆಳು ಹಿಮ ಬಿದ್ದು, ಗಾಳಿ ಅದನ್ನು ಗುಡಿಸಿಕೊಂಡು ಹೋಯಿತು. ಆರ್ವಿಡ್ ಮನೆಯಲ್ಲಿ ಕೂತು ತಣ್ಣಗಿನ ಮಾಂಸ, ಆಲೂಗಡ್ಡೆಯ ಊಟ ಮಾಡುವಾಗ, ಕಾಯೋಟಿಯೊಂದು ಕತ್ತಲಲ್ಲಿ ಬೇಲಿಗುಂಟ ನಡೆದುಬರುವುದನ್ನು ಊಹಿಸಿಕೊಳ್ಳುತ್ತಿದ್ದ. ಅದು ಒಂದು ಗುಂಡಿಯ ಬಳಿ ನಿಂತು, ಮೂಸಿ, ಇದಲ್ಲ ಎಂದುಕೊಂಡು ಮುಂದಿನದಕ್ಕೆ ಬರುತ್ತಿತ್ತು. ಯಾವ ಕೈ ತೋಡಿತು ಎಂಬುದು ಅದಕ್ಕಾದರೂ ಗೊತ್ತಾಗಬೇಕು ಎಂದು ಆಸೆಪಟ್ಟ. ಅದಕ್ಕೆ ಹೊಟ್ಟೆಯೊಂದೇ ಗೊತ್ತಿರುವುದು ಎಂಬುದೂ ಅವನಿಗೆ ತಿಳಿದಿತ್ತು.

ಏಳನೆಯ ಬೆಳಿಗ್ಗೆ ಡೆಲ್ಮರ್ ಟ್ರಕ್ಕನ್ನು ದಿಬ್ಬದ ಈಚೆ ನಿಲ್ಲಿಸಿ, "ನೀನು ನಿಧಾನ ಬಾ," ಎಂದು ರೈಫಲ್ ಹಿಡಿದು ಹೋದ. ಒಂದೇ ಗುಂಡಿನ ಸದ್ದು ಕೇಳಿಸಿತು. ಆರ್ವಿಡ್ ಉಸಿರು ಸುಧಾರಿಸಿಕೊಳ್ಳುತ್ತ ದಿಬ್ಬ ಹತ್ತಿದಾಗ ಡೆಲ್ಮರ್ ಬೇಲಿಯ ಬಳಿ ಬೆನ್ನು ತಿರುಗಿಸಿ ನಿಂತಿದ್ದ. ತಂತಿಯ ಹತ್ತಿರ ಅವನ ಕೈಗಳು ಏನೋ ಮಾಡುತ್ತಿದ್ದವು.

"ನಿಂದೇ ಭಾವ," ಎಂದ, ಹಿಂದಕ್ಕೆ ತಿರುಗದೆಯೇ. "ದೊಡ್ಡ ಗಂಡು. ಗೆದ್ದೆ ಬಿಡು. ಇನ್ನು ವರ್ಷವೆಲ್ಲ ನಿನ್ನ ಜಂಭ ತಡ್ಕೋಬೇಕು ನಾನು."

ಕಾಯೋಟಿ ಪಕ್ಕಕ್ಕೆ ಮಲಗಿತ್ತು. ತಲೆಯ ಮೇಲೆ ತಂತಿಯಲ್ಲಿ ಕೆಂಪು ಬಟ್ಟೆ ಗಾಳಿಗೆ ಅಲ್ಲಾಡುತ್ತಿತ್ತು. ಡೆಲ್ಮರ್ ಅದರ ಕಾಲನ್ನು ಟ್ರ್ಯಾಪಿನಿಂದ ಬಿಡಿಸಿ, ಹೆಗಲಿಗೆ ಹಾಕಿಕೊಂಡು ನಾಲ್ಕು ಹೆಜ್ಜೆ ಸರಿದು ನಿಂತ. ಗುಂಡಿಯನ್ನು ಮತ್ತೆ ಸರಿಮಾಡಲು ಆರ್ವಿಡ್ ಮಂಡಿಯೂರಿದ. ರಬ್ಬರಿನ ಕೈಗವಸು ತೆಗೆದು, ಬರಿಗೈಯನ್ನು ಒಳಗಿಟ್ಟ.

ಅವನ ಮಣಿಕಟ್ಟು ಹಳೆಯ ಪೆಟ್ಟಿನಿಂದ ಸೊಟ್ಟಗಾಗಿತ್ತು. ಅವನು ತೋಡಿದ ಯಾವ ಗುಂಡಿಯೂ ಎಡಮಗ್ಗುಲಲ್ಲಿ ದುಂಡಗಿರುತ್ತಿರಲಿಲ್ಲ. ಇದು ಸುತ್ತಲೂ ದುಂಡಗಿತ್ತು. ಹೆಪ್ಪುಗಟ್ಟಿದ ಮಣ್ಣಿನಲ್ಲಿ ತಿರುಪಿನ ಗೆರೆಗಳು ಒಂದರ ಕೆಳಗೊಂದು ಬೆರಳಿಗೆ ಸಿಕ್ಕವು.

ಅವನು ಕೈ ಹೊರಗೆ ತೆಗೆಯಲಿಲ್ಲ. ಮುಂದಿನ ಗುಂಡಿ, ತಾನೇ ತೋಡಿದ್ದು, ಇಪ್ಪತ್ತು ಹೆಜ್ಜೆ ದೂರದಲ್ಲಿತ್ತು, ಅದರ ಮೇಲಿನ ತಂತಿ ಬರಿದಾಗಿತ್ತು. ಡೆಲ್ಮರ್‌ಗೆ ಸುಳ್ಳಿನ ಅಭ್ಯಾಸವಿರಲಿಲ್ಲ, ಲವೋನ್‌ಗೂ ಇರಲಿಲ್ಲ. ಕರಣೆಯಿಂದ ಒಳಗೋಡೆಯನ್ನು ನಾಲ್ಕು ಸಲ ಕೆರೆದರೆ ಗೆರೆಗಳು ಮಾಯವಾಗುತ್ತಿದ್ದವು. ಸೀಟು ಉಳಿಯುತ್ತಿತ್ತು. ಬೇಕೆಂದೇ ಗೆಲ್ಲಿಸಿದ್ದು ಡೆಲ್ಮರ್‌ಗೆ ಗೊತ್ತು, ಗೆದ್ದಿಲ್ಲವೆಂದು ತನಗೆ ಗೊತ್ತು, ಹೇಳುವವರು ಯಾರೂ ಇಲ್ಲ. ಹಾಗೆ ಪಕ್ಕಪಕ್ಕದಲ್ಲಿ ಕೂತು ಫೆಬ್ರವರಿಯವರೆಗೆ ಓಡಾಡುವುದನ್ನು ನೆನೆದಾಗ, ಮನೆಯ ಅಡುಗೆಕೋಣೆಗಿಂತ ಆ ಟ್ರಕ್ಕು ಹೆಚ್ಚು ಬರಿದಾಗಿ ಕಂಡಿತು.

ಒಂದು ಸಲ ಕೆರೆದ. ಆಮೇಲೆ ನಿಲ್ಲಿಸಿದ. ಕಂಬ ಹಿಡಿದು ಎದ್ದು, ಕೆಂಪು ಬಟ್ಟೆಯ ಗಂಟು ಬಿಚ್ಚಿದ. ಚಳಿಗೆ ಮರಗಟ್ಟಿದ ಬೆರಳುಗಳಿಗೆ ಅದು ಸುಲಭವಾಗಿ ಬಿಚ್ಚಿಕೊಳ್ಳಲಿಲ್ಲ. ಇಪ್ಪತ್ತು ಹೆಜ್ಜೆ ನಡೆದು ಅದರ ಜಾಗದಲ್ಲಿ ಕಟ್ಟಿದ. ಡೆಲ್ಮರ್ ಕಾಯೋಟಿಯನ್ನು ಹೊತ್ತು ನೋಡುತ್ತ ನಿಂತಿದ್ದ.

ಟ್ರಕ್ಕು ಹೊರಟು ಬಹಳ ದೂರ ಬಂದ ಮೇಲೆ ಆರ್ವಿಡ್ ಮಾತಾಡಿದ. "ನಾಳೆ ಎರಡು ಬ್ಯಾಟರೀನೂ ಚಾರ್ಜ್ ಮಾಡ್ಕೊಂಡು ಬಾ."

"ಕರಣೆ ಶೆಡ್ಡಿಗೆ?"

"ಮಾತು ಅಂದ್ಮೇಲೆ ಮಾತು."

"ನೀನು?"

"ಬರ್ತೀನಿ."

"ಬಂದು ಏನ್ಮಾಡ್ತೀಯ?"

ಆರ್ವಿಡ್ ಕಿಟಕಿಯಾಚೆ ನೋಡಿದ. ಬಯಲು, ಬಯಲಿನಾಚೆ ಇನ್ನೂ ಬಯಲು. ಇಷ್ಟು ಚಿಕ್ಕದೊಂದನ್ನು ಅವನು ಯಾರಲ್ಲಿಯೂ, ಹೆಂಡತಿಯಲ್ಲಿಯೂ, ಬಾಯಿಬಿಟ್ಟು ಕೇಳಿದವನಲ್ಲ.

"ಏನಿಲ್ಲ," ಎಂದ. "ಸುಮ್ನೆ ಕೂತಿರ್ತೀನಿ. ಆಗುತ್ತಾ?"

ಎದುರಿಗೆ ಮುಳ್ಳುತಂತಿಯ ಗೇಟು ಬಂತು. ಭಾವನ ಮಂಡಿ ಕೆಟ್ಟಮೇಲೆ ಗೇಟಿಗೆ ಇಳಿಯುತ್ತಿದ್ದವನು ಡೆಲ್ಮರೇ. ಇವತ್ತು ಬ್ರೇಕು ಹಾಕಿ, ಸ್ಟೀರಿಂಗಿನ ಮೇಲೆ ಕೈಯಿಟ್ಟುಕೊಂಡು ಕೂತ.

"ಸುಮ್ನೆ ಕೂರೋರು ಗೇಟು ತೆಗೀಬೇಕು," ಎಂದ.

ಆರ್ವಿಡ್ ಇಳಿದ. ಗಾಳಿ ಕಣ್ಣಿಗೆ ನೀರು ತಂದಿತು. ಗೇಟಿನ ಕೋಲನ್ನು ಹೆಗಲಿನಿಂದ ಒತ್ತಿ, ತಂತಿಯ ಬಳೆಯನ್ನು ಸಡಿಲಿಸಿ ಪಕ್ಕಕ್ಕೆ ಎಳೆದ. ಟ್ರಕ್ಕು ಅವನನ್ನು ದಾಟಿ ಹೋಯಿತು. ಮತ್ತೆ ಗೇಟು ಮುಚ್ಚಲು ಅವನಿಗೆ ಬಹಳ ಹೊತ್ತು ಹಿಡಿಯಿತು, ಕೋಲು ಎರಡು ಸಲ ಜಾರಿತು. ತಿರುಗಿ ನೋಡಿದಾಗ ಟ್ರಕ್ಕು ಸ್ವಲ್ಪ ದೂರದಲ್ಲಿ, ಇಂಜಿನ್ನು ಆರಿಸದೆ ನಿಂತಿತ್ತು. ಅವನ ಕಡೆಯ ಬಾಗಿಲು ತೆರೆದಿತ್ತು. ಅವನು ಅವಸರ ಮಾಡದೆ ಅದರ ಕಡೆಗೆ ನಡೆದ.