ಕೆಂಪು ಕಾರಿಗೆ ಕೆಂಪು ಮೇಣ

ಕಾಫಿ ಕೊಯ್ಲು ಮುಗಿದು ಕಣದಲ್ಲಿ ಹಣ್ಣು ಒಣಗುವ ಕಾಲ, ರೇಡಿಯೋದಲ್ಲಿ ಪ್ರದೇಶ ಸಮಾಚಾರ ಬರುವ ಹೊತ್ತು, ಆಗಲೇ ಶುರುವಾದದ್ದು ಇದು, ಅಂಗಳದಲ್ಲಿ ಸರ್ರ್ ಸರ್ರ್ ಎಂದು ಬಟ್ಟೆ ತಿಕ್ಕುವ ಸದ್ದು, ನನ್ನ ಮಗ ಕ್ಯಾಸ್ಮಿರ್ ತನ್ನ ಹಳೇ ಕೆಂಪು ಕಾರಿನ ಬೆನ್ನು ಉಜ್ಜುತ್ತಿದ್ದಾನೆ, ಬಿಸಿಲಿಗೆ ಆ ಕೆಂಪು ಸತ್ತು ಇಟ್ಟಿಗೆ ಪುಡಿಯ ಹಾಗಾಗಿತ್ತು, ಬುಧವಾರ ಮೊಮ್ಮಗಳು ಜೆನೆವಿವ್ ಮದುವೆ, ಬಾಡಿಗೆ ಕಾರು ಯಾಕೆ ಪಪ್ಪಾ, ನಮ್ದೇ ಐತಲ್ಲ, ಅವಳದೇ ಹಠ. ಕೊಬ್ಬರಿ ಎಣ್ಣೆ ಹಚ್ಚಿ ನೋಡಿದ, ಹೊಳೆಯಿತು, ವನಗೂರಿನ ತಿರುವು ದಾಟುವಷ್ಟರಲ್ಲಿ ರಸ್ತೆಯ ಧೂಳೆಲ್ಲ ಅದರ ಮೈಮೇಲೆ — ಮೇಣದಬತ್ತಿ ಕರಗಿಸಿ ಟರ್ಪೆಂಟೈನ್ ಬೆರೆಸಿ ಹಚ್ಚಿದ, ಚಿಬ್ಬು ಹಿಡಿದ ಹಾಗೆ ಬೆಳ್ಳಬೆಳ್ಳಗೆ ಕೂತಿತು, ಕೊನೆಗೆ ಪೇಟೆಗೆ ಹೋದ, ಕಾರಿನ ಪಾಲಿಶ್ ಡಬ್ಬಿ ಅಂಗೈಯಷ್ಟು, ಬೆಲೆ ಕೇಳಿದರೆ ಕೆಳಗಿಡಬೇಕು, ಪಕ್ಕದಲ್ಲೇ ನೆಲಕ್ಕೆ ಹಚ್ಚುವ ಕೆಂಪು ಮೇಣ, ದೊಡ್ಡ ಡಬ್ಬಿ, ಅರ್ಧ ಬೆಲೆ. ಅಂಗಡಿ ನಂಜುಂಡಯ್ಯ ನಕ್ಕನಂತೆ, ಕಾರಿಗಾ ಮಾರಾಯ, ಹಂಗಾದ್ರೆ ಚಾಪೆ ಹಾಸ್ಕೊಂಡು ಅದ್ರ ಮೇಲೇ ಮಲಗ್ಬುಡು. ನೆಲಾನೂ ಕೆಂಪು, ಕಾರೂ ಕೆಂಪು, ಮೇಣ ಅಂದ್ರೆ ಮೇಣವೇ ಕಣಮ್ಮಾ, ಅಂದ ಕ್ಯಾಸ್ಮಿರ್, ಡಬ್ಬಿ ಮನೆಗೆ ತಂದು. ಮಿಂಚಿತಪ್ಪಾ, ನಮ್ಮ ಹಜಾರ ಎದ್ದು ನಿಂತು ಅಂಗಳಕ್ಕೆ ಬಂದ ಹಾಗೆ, ಬಿಳಿ ಕರವಸ್ತ್ರದಲ್ಲಿ ಒರೆಸಿ ತೋರಿಸಿದ, ನೋಡು, ಒಂದು ಚೂರೂ ಬಣ್ಣ ಇಲ್ಲ.

ತಂಪಿನಲ್ಲಿ ಬಣ್ಣ ಬಿಡಲಿಲ್ಲ, ಅಷ್ಟೇ. ಮದುವೆ ದಿನ ಘಾಟಿ ಇಳಿದು ಪೇಟೆಯ ಇಗರ್ಜಿ ಮುಟ್ಟುವಾಗ ಬಿಸಿಲು ಸುಡುತ್ತಿತ್ತು, ಕಾರಿನ ತಗಡು ದೋಸೆ ಹೆಂಚು, ಜೆನೆವಿವ್ ಇಳಿದು ಅದಕ್ಕೊರಗಿ ನಿಂತಳು, ಯಾರೋ ತಲೆಯ ಜಾಲರಿ ಮುಸುಕಿಗೆ ಪಿನ್ನು ಚುಚ್ಚಿದರು, ನಗುತ್ತಿದ್ದಳು, ತಿರುಗಿ ಮೆಟ್ಟಿಲು ಹತ್ತಿದಳು, ಆಗ ನನ್ನ ಕಣ್ಣಿಗೆ ಬಿತ್ತು, ದೇವರೇ, ಬಿಳಿ ಸೀರೆ, ಸೊಂಟದ ಕೆಳಗೆ ಅಂಗೈಯಗಲ ಕೆಂಪು, ಮೇಣ ಎಂದು ಹೊಳೆಯಲೇ ಇಲ್ಲ, ನೆಲ ತಿಕ್ಕಿದ ದಿನ ಮಕ್ಕಳ ಅಂಗಾಲೆಲ್ಲ ಕೆಂಪಾಗುತ್ತಿದ್ದದ್ದು ಕಂಡ ನನಗೇ ಹೊಳೆಯಲಿಲ್ಲ, ಹುಡುಗನ ತಾಯಿ ಇಸಾಬೆಲ್ ನನ್ನ ಕಿವಿಗೆ ಬಾಯಿ ತಂದು, ಏನು ಮೊಡೆಸ್ಟಾ ಬಾಯಿ, ದಿನ ಲೆಕ್ಕ ಹಾಕಿ ಮದುವೆ ಇಡೋದಲ್ವಾ. ಜೆನೆವಿವ್ ಕೇಳಿಸಿಕೊಂಡಳು, ಹಿಂದೆ ಮುಟ್ಟಿ ಬೆರಳು ಮೂಸಿದಳು, ಅಯ್ಯೋ ಆಂಟಿ, ಕಾರಿನ ಪಾಲಿಶ್ ಇದು, ಮೂಸಿ ನೋಡಿ, ಎಂದು ನಕ್ಕೇಬಿಟ್ಟಳು, ನನಗೂ ಹೋದ ಉಸಿರು ಬಂತು, ಕ್ಯಾಸ್ಮಿರ್ ಮುಖ ಮಾತ್ರ ಸುಣ್ಣ. ಪಾಲಿಶೋ ಇನ್ನೊಂದೋ, ನೋಡೋರ ಕಣ್ಣಿಗೆ ಒಂದೇ, ಅಂದಳು ಇಸಾಬೆಲ್, ಮದುಮಗ ಫೆಲಿಕ್ಸ್ ಬಾಗಿಲಲ್ಲೇ ನಿಂತಿದ್ದ, ಹೊಸ ಬಿಳಿ ಕೋಟು, ಕರಿ ಬೂಟು, ನನ್ನ ಮೊಮ್ಮಗಳು ಅವನತ್ತ ಆ ಬೆರಳನ್ನೇ ಚಾಚಿದಳು, ತಮಾಷೆಗೆ, ನೀನಾದ್ರೂ ಹೇಳು ಮಾರಾಯ, ಇದು ಪಾಲಿಶ್ ಅಲ್ವಾ — ಅವನು ಮೂಸಲಿಲ್ಲ, ಬೂಟು ಹಿಂದಕ್ಕೆ ಸರಿಯಿತು, ಗೇಣಿನಷ್ಟು, ಕೋಟಿಗೆ ತಾಗೀತೆಂದೋ, ತಾಯಿ ನೋಡುತ್ತಿದ್ದಾಳೆಂದೋ. ನಗು ಅಲ್ಲೇ ನಿಂತಿತು. ಸೀರೆ ಬದಲಾಯಿಸ್ಕೊಂಡು ಬಾ ಹೋಗು, ಅಂದ ಆಮೇಲೆ, ನೆಲ ನೋಡುತ್ತಾ. ಅವಳು ಅಳಲಿಲ್ಲ, ಕೈಯ ಹೂಗೊಂಚಲನ್ನು ಇಸಾಬೆಲ್ ಕೈಗೆ ಕೊಟ್ಟಳು, ಬಾ ಪಪ್ಪಾ, ಮನೆಗೆ ಹೋಗೋಣ. ಕ್ಯಾಸ್ಮಿರ್, ಬ್ಯಾಡ ಕಣೇ, ನಂದೇ ತಪ್ಪು, ನಾನೇ ತೊಳ್ಕೊಡ್ತೀನಿ, ಅನ್ನುತ್ತಾ ಅವಳ ಹಿಂದೆಯೇ, ಪಾದ್ರಿಗಳು ಒಳಗಿಂದ ಏನಾಯ್ತು ಏನಾಯ್ತು, ಊರು ನಾಳೆ ಪಾಲಿಶಿಂದ ಮದುವೆ ಮುರೀತು ಅನ್ನುತ್ತದೆ, ಅಂದುಕೊಳ್ಳಲಿ, ನಾನು ಕಂಡದ್ದು ಬೇರೆ, ನನ್ನ ಕಾಲು ಮೆಟ್ಟಿಲಿಗೆ ಅಂಟಿಬಿಟ್ಟಿದೆ, ಕಾರಿನ ಬಾಗಿಲು ಧಡ್ ಎಂದಿತು, ಜೆನೆವಿವ್ ಹೊರಟುಹೋದಳು, ಅದೇ ಬುಧವಾರ, ನಾನು ಇಲ್ಲೇ, ಎದುರಿಗೆ ಆ ಬೂಟು, ಕರಿ ಬೂಟು, ಗೇಣಿನಷ್ಟು ಹಿಂದಕ್ಕೆ, ಆ ಬೂಟು —